ಮೀಸಲು: ಇಟ್ಟದ್ದು, ಮಾಡಿದ್ದು, ಬಂದದ್ದು

ಹಳಗನ್ನಡದ ಮೀಸಲ್ ಎಂದರೆ ಅನ್ಯರ ಕೈ ಸೋಕದಂತೆ, ಎಂಜಲಾಗದಂತೆ ದೇವರಿಗೆಂದು ಬೇರೆ ತೆಗೆದಿಟ್ಟದ್ದು. ಮೀಸಲು ಬೆಣ್ಣೆ, ಮೀಸಲು ನೀರು, ಹರಕೆಯ ಮೀಸಲು ಕಾಸು ಎಲ್ಲ ಆ ಕುಲದವು. ಆ ಪಾವಿತ್ರ್ಯ ಕೆಟ್ಟರೆ ‘ಮೀಸಲಳಿಯಿತು’. ನೆರೆಯ ಮುಡಿಪಿನಲ್ಲಿ ಗಂಟು ಕಟ್ಟಿದ ನೆನಪು ಹೆಚ್ಚು, ಮೀಸಲಿನಲ್ಲಿ ಮುಟ್ಟಬಾರದೆಂಬ ನಿಯಮ ಹೆಚ್ಚು. ಪಾಲು ಬೇರೆಯೇ: ಎಲ್ಲವನ್ನೂ ಎದುರಿಗಿಟ್ಟು ಹಂಚಿದಾಗ ದಕ್ಕುವುದು ಪಾಲು, ಹಂಚುವ ಮೊದಲೇ ಎತ್ತಿಟ್ಟದ್ದು ಮೀಸಲು. ಆ ‘ಮೊದಲೇ’ ಎಂಬ ಅರ್ಥಚ್ಛಾಯೆಯನ್ನು ನಾವು ಬಿಡದೆ ಹಿಡಿದು ನಡೆಯೋಣ.

ನಮ್ಮ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಈ ಪದ ಕಾಡನ್ನೂ ಹೊಕ್ಕಿತು. ಮುಂಬೈ ಪ್ರಾಂತ್ಯದ ಕಾಲದಲ್ಲಿ, 1878ರ ಅರಣ್ಯ ಕಾಯ್ದೆಯಿಂದ, ಕಾಡು ‘ಮೀಸಲು ಅರಣ್ಯ’ವಾಯಿತು. ಅಡಿಕೆ ತೋಟದವರಿಗೆ ಗೊಬ್ಬರದ ಸೊಪ್ಪು ತರುವ ಸೊಪ್ಪಿನ ಬೆಟ್ಟವಾದರೂ ಉಳಿಯಿತು. ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯದವರಿಗೆ ಮೀಸಲು ಎಂದರೆ ‘ಒಳಗೆ ಬರಬೇಡ’ ಎಂದಾಯಿತು. ದೇವರ ಜಾಗದಲ್ಲಿ ಸರಕಾರ ಕುಳಿತಿತ್ತು.

ಸಂವಿಧಾನದ 330, 332ನೆಯ ವಿಧಿಗಳು ಲೋಕಸಭೆ, ವಿಧಾನಸಭೆಗಳಲ್ಲಿ ಪರಿಶಿಷ್ಟರಿಗೆ ಸ್ಥಾನ ಎತ್ತಿಟ್ಟಾಗ ಪದ ಹೊರಳಿತು: ದೂರವಿಟ್ಟವರಿಗಾಗಿಯೇ ಮೊದಲ ತುತ್ತು. ಬೆಲ್ಜಿಯಂನಲ್ಲಿ ಪ್ರಧಾನಿಯನ್ನುಳಿದು ಡಚ್, ಫ್ರೆಂಚ್ ನುಡಿಯ ಮಂತ್ರಿಗಳು ಸಮಸಂಖ್ಯೆಯಲ್ಲಿರಬೇಕೆಂಬ ನಿಯಮವನ್ನು ನಾನು ಪಾಲು ಎಂದೇನು, ಮೀಸಲು ಎನ್ನಲಾರೆ. ಅಲ್ಲಿ ಇಬ್ಬರೂ ಬಲವುಳ್ಳವರು.

ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡವಾದರು. ತಮ್ಮದೇ ಬಗೆಯ ಕೊಂಕಣಿ, ಜೊತೆಗೆ ಕನ್ನಡ, ಮರಾಠಿ ಆಡುವ ಈ ಜನರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. ಪಂಗಡದ ಪಟ್ಟಿಗೆ ಮತದ ಕಟ್ಟಿಲ್ಲದ್ದರಿಂದ ಮೂವರೂ ಒಂದೇ ಮೀಸಲಿನೊಳಗಿದ್ದಾರೆ. ಆದರೂ ಜಿಲ್ಲೆಯ ಆರು ವಿಧಾನಸಭಾ ಕ್ಷೇತ್ರಗಳೂ ‘ಸಾಮಾನ್ಯ’. 2020ರಲ್ಲಿ ಯಲ್ಲಾಪುರ ಸೀಮೆಯ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತು ಸೇರಿದ್ದು ನಾಮನಿರ್ದೇಶನದಿಂದ. ಅಲ್ಲಿ ಮೀಸಲು ಸ್ಥಾನವೆಂಬುದೇ ಇಲ್ಲ. ಇದು ನನಗೆ ಸಣ್ಣ ಕೊರತೆಯಾಗಿ ಕಾಣುವುದಿಲ್ಲ.

ಹಾಗಾಗಿ ಪದ ನಿಜವಾಗಿ ನೆಲೆಯೂರಿದ್ದು ಗ್ರಾಮ ಪಂಚಾಯತಿಯಲ್ಲಿ. 1993ರ ಪಂಚಾಯತ್ ರಾಜ್ ಕಾಯ್ದೆಯ ಬಳಿಕ ಮನ್ಮನೆಯಿಂದ ಮಂಚಿಕೇರಿಯವರೆಗೆ ಚುನಾವಣೆಯ ಮುಂಚಿನ ಮಾತು ಒಂದೇ: ‘ಈ ಸಲ ಯಾವ ಮೀಸಲು ಬಂತು?’ ಕ್ರಿಯಾಪದಗಳನ್ನು ಗಮನಿಸೋಣ. ದೇವರಿಗೆ ಮೀಸಲು ಇಡುತ್ತಿದ್ದರು. ಕಾಡನ್ನು ಮೀಸಲು ಮಾಡಿದರು. ವಾರ್ಡಿಗೆ ಅದು ಸರದಿಯ ಮೇಲೆ ಬರುತ್ತದೆ, ಹೋಗುತ್ತದೆ. ಪಂಗಡದ ಪಟ್ಟಿಗಾಗಿ ವರ್ಷಗಳಿಂದ ಕೇಳುತ್ತಿರುವ ಕುಣಬಿಯರ, ಘಟ್ಟದ ಕೆಳಗಿನ ಹಾಲಕ್ಕಿ ಒಕ್ಕಲಿಗರ ಬಾಯಲ್ಲಿ ಮೀಸಲಿಗೆ ಹತ್ತಿಕೊಂಡ ಕ್ರಿಯಾಪದ ಮಾತ್ರ ‘ಬೇಕು’.