ಖಾಲಿ ತೋಟಾದ ಚರಿತ್ರೆ

ನವೆಂಬರ್ ಬಂದಿತೆಂದರೆ ಅಮೆರಿಕದ ಹಲವು ರಾಜ್ಯಗಳಲ್ಲಿ ಜಿಂಕೆ ಬೇಟೆಯ ಕಾಲ. ನಮ್ಮ ಸದಸ್ಯ ಕುಟುಂಬಗಳಲ್ಲಿ ಬೇಟೆಗೆ ಹೋಗುವವರು ವಿರಳ. ಆದರೆ ಕಿತ್ತಳೆ ಬಣ್ಣದ ಅಂಗಿ ತೊಟ್ಟು ನಸುಕಿನಲ್ಲಿಯೇ ಹೊರಡುವ ನೆರೆಯವರನ್ನು ಕಾಣದವರೂ ವಿರಳವೇ. ಅಂಥ ಕೆಲವರ ಗ್ಯಾರೇಜಿನಲ್ಲಿ ಮೇಜಿಗೆ ಬಿಗಿದ ಒಂದು ಪ್ರೆಸ್, ಪುಟ್ಟ ತಕ್ಕಡಿ, ಡಬ್ಬಿಗಳ ತುಂಬ ಹಿತ್ತಾಳೆಯ ಖಾಲಿ ತೋಟಾಗಳು ಕಾಣಸಿಗುತ್ತವೆ. ಒಮ್ಮೆ ಹಾರಿಸಿದ ತೋಟಾವನ್ನು ಎಸೆಯದೆ, ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ಕೂರಿಸಿ ಮರಳಿ ಬಳಸುವ ಕಸುಬು ಅದು. ಮೇಲ್ನೋಟಕ್ಕೆ ಮಿತವ್ಯಯಿಗಳ ಹವ್ಯಾಸವೆಂದು ತೋರುವ ಈ ಕೆಲಸವನ್ನು ಒಂದು ದೇಶ ಅಂಗಡಿಯ ಸರಕಾಗಿಸಿತು. ಇನ್ನೊಂದು ದೇಶವನ್ನಾಳುತ್ತಿದ್ದ ಸರ್ಕಾರ ಅದಕ್ಕೆ ಹೆದರಿ ಬೇಟೆಕೋವಿಯ ನಳಿಗೆಯ ಅಳತೆಯನ್ನೇ ಬದಲಿಸುವಂತೆ ಮಾಡಿತು. ಆ ಎರಡನೆಯ ದೇಶ ನಮ್ಮದು.

ಮೊದಲಿಗೆ ಎಲ್ಲ ಕೋವಿಗಳೂ ಕೈಯಿಂದಲೇ ತುಂಬುವಂಥವು. ಮಲೆನಾಡಿನವರಿಗೆ ಕೇಪಿನ ಕೋವಿಯನ್ನು ಪರಿಚಯಿಸಬೇಕಾಗಿಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ನಾರು ತುರುಕಿ ಗಜದಿಂದ ಜಡಿದು, ಚರೆ ಹಾಕಿ ಮತ್ತೆ ಜಡಿದು, ಕೊನೆಗೆ ಕೇಪು ಇಡಬೇಕು. ಆ ಕೇಪಿನ ಮೂಲಪುರುಷನು ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್. ಚಕಮಕಿ ಕೋವಿಯ ಕಿಡಿ ಕಂಡು, ಗುಂಡು ತಲುಪುವ ಮೊದಲೇ ಹಕ್ಕಿಗಳು ಹಾರಿಹೋಗುತ್ತಿದ್ದುದು ಅವನನ್ನು ಕಾಡಿತು. ಪೆಟ್ಟು ಬಿದ್ದೊಡನೆ ಸಿಡಿಯುವ ರಾಸಾಯನಿಕದಿಂದ ಮದ್ದಿಗೆ ಬೆಂಕಿ ಹಚ್ಚುವ ಉಪಾಯಕ್ಕೆ 1807ರಲ್ಲಿ ಅವನು ಪೇಟೆಂಟ್ ಪಡೆದನು.

ಸೈನಿಕನಿಗೆ ಅಷ್ಟು ಪುರಸೊತ್ತಿಲ್ಲ. ಆದ್ದರಿಂದ ಒಂದು ಈಡಿಗೆ ಬೇಕಾದ ಮದ್ದನ್ನೂ ಗುಂಡನ್ನೂ ಕಾಗದದಲ್ಲಿ ಸುತ್ತಿಕೊಡುವ ಪದ್ಧತಿ ಬಂದಿತು. 1853ರ ಎನ್‌ಫೀಲ್ಡ್ ಕೋವಿಯ ಕೊಬ್ಬು ಸವರಿದ ಕಾಗದದ ತೋಟಾ 1857ರಲ್ಲಿ ಏನು ಮಾಡಿತೆಂಬುದನ್ನು ಶಾಲೆಯಲ್ಲಿ ನಾವೆಲ್ಲರೂ ಓದಿದ್ದೇವೆ. ಅದೇ ವರ್ಷ ಜನರಿಂದ ಆಯುಧ ಕಸಿಯುವ ಕಾಯಿದೆ ಹೊರಟಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ತಮ್ಮ ಆಯುಧ ಒಪ್ಪಿಸಲು ನಿರಾಕರಿಸಿದರು. ಕಂಪನಿಯ ಸೈನ್ಯ ಊರನ್ನು ಸುಟ್ಟು, ಹಿಡಿದವರಲ್ಲಿ ಹಲವರನ್ನು ಗಲ್ಲಿಗೇರಿಸಿತು. ಆ ಕಥೆಯನ್ನು ಲಾವಣಿ ಇಂದಿಗೂ ಜೀವಂತವಾಗಿಟ್ಟಿದೆ.

ಇದಾಗಿ ಒಂಬತ್ತೇ ವರ್ಷಗಳಲ್ಲಿ ಕಾಗದದ ತೋಟಾದ ಕಾಲ ಮುಗಿಯಿತು. 1866ರಲ್ಲಿ ಬ್ರಿಟಿಷರು ಅದೇ ಎನ್‌ಫೀಲ್ಡ್ ಕೋವಿಗಳ ಹಿಂಬದಿ ಕತ್ತರಿಸಿ, ಹಿಂದಿನಿಂದ ತುಂಬುವ ಸ್ನೈಡರ್ ಕೋವಿಗಳಾಗಿ ಮಾರ್ಪಡಿಸಿದರು. ಅದಕ್ಕೆ ಲೋಹದ ತೋಟಾ ರೂಪಿಸಿದವನು ವುಲ್ವಿಚ್‌ನ ಅಧಿಕಾರಿ ಎಡ್ವರ್ಡ್ ಬಾಕ್ಸರ್. ಹೆಚ್ಚುಕಡಿಮೆ ಅದೇ ವೇಳೆಗೆ ಅಮೆರಿಕದ ಹೈರಮ್ ಬರ್ಡನ್ ಕೂಡ ತನ್ನದೊಂದು ಕೇಪು ರಚಿಸಿದನು. ಕೇಪಿನ ಸಿಡಿಮದ್ದು ಹೊತ್ತಿಕೊಳ್ಳಬೇಕಾದರೆ ಅದನ್ನು ಒತ್ತಿ ಜಜ್ಜಲು ಒಂದು ಪುಟ್ಟ ಅಡಿಗಲ್ಲು ಬೇಕು. ಬಾಕ್ಸರ್ ಅದನ್ನು ಕೇಪಿನೊಳಗೇ ಇಟ್ಟನು. ಬೆಂಕಿ ಮದ್ದಿಗೆ ತಲುಪಲು ತೋಟಾದ ತಳದ ನಡುವೆ ಒಂದೇ ರಂಧ್ರ ಸಾಕಾಯಿತು. ಬರ್ಡನ್ ಅಡಿಗಲ್ಲನ್ನು ತೋಟಾದ ತಳದಲ್ಲಿಯೇ ಮೂಡಿಸಿ, ಅದರ ಇಕ್ಕೆಲಗಳಲ್ಲಿ ಎರಡು ಕಿರುರಂಧ್ರಗಳನ್ನು ಕೊರೆದನು.

ಈ ರಂಧ್ರಗಳ ಲೆಕ್ಕದಲ್ಲಿಯೇ ಮುಂದಿನದೆಲ್ಲ ಅಡಗಿದೆ. ನಡುವೆ ಒಂದೇ ರಂಧ್ರವಿದ್ದರೆ ಬಾಯಿಯ ಕಡೆಯಿಂದ ಒಂದು ಸರಳು ತೂರಿಸಿ ಹಳೆಯ ಕೇಪನ್ನು ಹೊರದೂಡಬಹುದು. ಬರ್ಡನ್‌ನ ತೋಟಾದಲ್ಲಿ ಸರಳು ಅಡಿಗಲ್ಲಿಗೆ ಬಡಿದು ನಿಲ್ಲುತ್ತದೆ. ವಿಚಿತ್ರವೆಂದರೆ ಅಮೆರಿಕದವನ ಕೇಪು ಯೂರೋಪಿನಲ್ಲಿ ನೆಲೆಸಿತು. ಬ್ರಿಟಿಷ್ ಅಧಿಕಾರಿಯದು ಅಮೆರಿಕದಲ್ಲಿ ಬೇರೂರಿತು. ಬ್ರಿಟಿಷ್ ಸೈನ್ಯದ .303 ತೋಟಾ ಸಹ ಬರ್ಡನ್ ಮಾದರಿಯದೇ. ಮದುವೆಯ ಊಟದಲ್ಲಿ ಚಪ್ಪಲಿ ಅದಲುಬದಲಾದಂತೆ!

1870ರ ದಶಕದಲ್ಲಿ ಅಮೆರಿಕದ ಬಯಲುಗಳಲ್ಲಿ ಕಾಡೆಮ್ಮೆ ಬೇಟೆಗಾರರು ಪೀಪಾಯಿಗಟ್ಟಲೆ ಮದ್ದು, ಸೀಸದ ಗಟ್ಟಿಗಳನ್ನು ಬಂಡಿಯಲ್ಲಿ ಹೇರಿಕೊಂಡು ಹೋಗಿ, ರಾತ್ರಿ ಬೆಂಕಿಯ ಬಳಿ ಸೀಸ ಕರಗಿಸಿ ಗುಂಡು ಎರೆದು ತೋಟಾ ತುಂಬುತ್ತಿದ್ದರು. ಆ ಬೇಟೆ ಕಾಡೆಮ್ಮೆಯ ಕುಲವನ್ನೇ ಅಳಿವಿನಂಚಿಗೆ ತಂದಿತೆಂಬುದನ್ನು ಮರೆಯುವಂತಿಲ್ಲ. ಕೈಕಸುಬು ಎಂದೊಡನೆ ಎಲ್ಲವನ್ನೂ ಹೊಗಳುವ ಅಭ್ಯಾಸ ನನಗಿಲ್ಲ. ತೋಟಾ ಮಾರುವ ವಿಂಚೆಸ್ಟರ್ ಕಂಪನಿಯೇ ಅದನ್ನು ಮರಳಿ ತುಂಬುವ ಸಲಕರಣೆಯನ್ನೂ ಮಾರುತ್ತಿತ್ತು. 1884ರಲ್ಲಿ ಕನೆಕ್ಟಿಕಟ್‌ನ ಜಾನ್ ಬಾರ್ಲೋ ಸ್ಥಾಪಿಸಿದ ಐಡಿಯಲ್ ಕಂಪನಿಯ ಇಕ್ಕಳದಂಥ ಸಾಧನ ಸಾಮಾನ್ಯ ರೈತನ ಕೈಗೂ ಎಟುಕಿತು.

ಇದೇ ದಶಕಗಳಲ್ಲಿ ಭಾರತದಲ್ಲಿ ನಡೆದುದು ತದ್ವಿರುದ್ಧ. 1878ರ ಆಯುಧ ಕಾಯಿದೆ ಕೋವಿಯನ್ನಷ್ಟೇ ಅಲ್ಲ, ಮದ್ದು ತೋಟಾಗಳನ್ನೂ ಪರವಾನಗಿಯಡಿ ತಂದಿತು. ಕೊಡಗಿಗೆ ಮಾತ್ರ ಮಾರ್ಕ್ ಕಬ್ಬನ್ 1861ರಲ್ಲಿಯೇ ವಿನಾಯಿತಿ ನೀಡಿದ್ದನು. ಆದರೂ ಸರ್ಕಾರದ ಭಯ ತೀರಲಿಲ್ಲ. ವಾಯವ್ಯ ಗಡಿಯ ಬುಡಕಟ್ಟುಗಳ ಕೈಯಲ್ಲಿ ಮಾರ್ಟಿನಿ-ಹೆನ್ರಿ ಕೋವಿಗಳಿದ್ದವು. ಅವುಗಳ ನಳಿಗೆ .450 ಅಳತೆಯದು. ಆನೆ, ಕಾಟಿಗಳ ಬೇಟೆಗೆ ದೊರೆಗಳು ಬಳಸುತ್ತಿದ್ದ ದೊಡ್ಡ ಕೋವಿಗಳ ಅಳತೆಯೂ ಅದೇ. ಆ ತೋಟಾಗಳ ಗುಂಡು ಕಿತ್ತು ಮಾರ್ಟಿನಿಯ ಖಾಲಿ ತೋಟಾಗಳಿಗೆ ತುಂಬಿದರೆ? ಈ ಒಂದು ಸಂಶಯದಿಂದ 1907ರ ಸುಮಾರಿಗೆ .450 ಅಳತೆಯ ಬೇಟೆಕೋವಿಗಳಿಗೆ ಭಾರತದಲ್ಲಿ ನಿಷೇಧ ಬಿದ್ದಿತು. ಲಂಡನ್ನಿನ ಕೋವಿ ತಯಾರಕರು ಗಡಿಬಿಡಿಯಿಂದ .465, .470, .475 ಎಂಬ ಹೊಸ ಅಳತೆಗಳನ್ನು ಹುಟ್ಟಿಸಿದರು. ಅವುಗಳಲ್ಲಿ .470 ಇಂದಿಗೂ ಆಫ್ರಿಕದ ಬೇಟೆಯಲ್ಲಿ ಹೆಸರಾಗಿದೆ. ಗಡಿನಾಡಿನ ಮನೆಯೊಂದರ ಮೂಲೆಯಲ್ಲಿ ಖಾಲಿ ತೋಟಾ ತುಂಬುವವನೊಬ್ಬನ ನೆನಪಿಗೇ ಸಾಮ್ರಾಜ್ಯ ಬೆವರಿತ್ತು ಎಂದರೆ ಉತ್ಪ್ರೇಕ್ಷೆಯಾಗದು.

ಫ್ರಾನ್ಸಿನ ಪಾಲ್ ವಿಯೆಯ್ 1884ರಲ್ಲಿ ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದ ಮೇಲೆ ಈ ಕಸುಬಿನ ಸ್ವರೂಪವೇ ಬದಲಾಯಿತು. ಕಪ್ಪು ಮದ್ದನ್ನು ತೋಟಾ ಹಿಡಿಯುವಷ್ಟು ತುಂಬಿದರೂ ನಡೆಯುತ್ತಿತ್ತು. ಹೊಸ ಮದ್ದು ಅಳತೆ ಮೀರಿದರೆ ಕೋವಿಯೇ ಸಿಡಿದು ಹಿಡಿದವನನ್ನು ಕೊಲ್ಲಬಲ್ಲದು. ಆದ್ದರಿಂದ ಪ್ರತಿಯೊಂದನ್ನೂ ಗ್ರೇನ್ ಎಂಬ ಮಾನದಲ್ಲಿ ತೂಗುವ ರೂಢಿ ಗಟ್ಟಿಯಾಯಿತು. ಒಂದು ಪೌಂಡಿಗೆ 7000 ಗ್ರೇನ್. ನಮ್ಮ ಅಕ್ಕಸಾಲಿಗನ ಗುಲಗಂಜಿಯಂತೆ ಇದೂ ಕಾಳಿನಿಂದಲೇ ಹುಟ್ಟಿದ ಮಾನ. 1833ರಲ್ಲಿ ಕಂಪನಿ ಸರ್ಕಾರ ತೊಲದ ತೂಕವನ್ನು 180 ಗ್ರೇನಿಗೆ ನಿಗದಿಪಡಿಸಿತು. ಬೆಳ್ಳಿ ರೂಪಾಯಿಯ ತೂಕವೂ ಅಷ್ಟೇ. ಅಮೆರಿಕದಲ್ಲಿ ಬಹುಬಳಕೆಯ .30-06 ಬೇಟೆಕೋವಿಗೆ ಹಲವರು ಆರಿಸುವ ಗುಂಡೂ 180 ಗ್ರೇನಿನದು. ಅಜ್ಜಿಯ ಪೆಟ್ಟಿಗೆಯಲ್ಲಿದ್ದ ವಿಕ್ಟೋರಿಯಾ ರಾಣಿಯ ರೂಪಾಯಿಯನ್ನು ತಕ್ಕಡಿಯ ಒಂದು ತಟ್ಟೆಗೂ ಆ ಗುಂಡನ್ನು ಇನ್ನೊಂದಕ್ಕೂ ಹಾಕಿದರೆ ಮುಳ್ಳು ನಡುವೆ ನಿಂತೀತು, ರೂಪಾಯಿ ಸವೆದಿರದಿದ್ದರೆ.

ಎರಡನೆಯ ಮಹಾಯುದ್ಧ ಈ ಗೃಹಕೈಗಾರಿಕೆಗೆ ವರವಾಯಿತು. ಯುದ್ಧಕಾಲದಲ್ಲಿ ಗುಂಡುಗಳು ಸಿಗದಾದಾಗ ಕ್ಯಾಲಿಫೋರ್ನಿಯಾದ ಫ್ರೆಡ್ ಹಂಟಿಂಗ್ಟನ್, ಹಾರಿಸಿ ಬಿಸಾಡಿದ .22 ತೋಟಾಗಳನ್ನೇ ಹೊಸ ಗುಂಡಿನ ಹೊದಿಕೆಯಾಗಿಸುವ ಅಚ್ಚು ತಯಾರಿಸಿದನು. ಯುದ್ಧ ಮುಗಿದೊಡನೆ ಸರ್ಕಾರದ ಬಳಿ ಬೆಟ್ಟದಷ್ಟು ಮದ್ದು ಉಳಿಯಿತು. ಕ್ಯಾನ್ಸಸ್ ಸೀಮೆಯ ಬ್ರೂಸ್ ಹಾಡ್ಜ್‌ಡನ್ ತನ್ನ ಜೀವವಿಮೆಯ ಮೇಲೆ ಸಾಲ ತೆಗೆದು ಅದನ್ನು ಕೊಂಡು, ಹೊಲವೊಂದರಲ್ಲಿ ನಿಲ್ಲಿಸಿದ ಹಳೆಯ ರೈಲು ಡಬ್ಬಿಯಲ್ಲಿ ಶೇಖರಿಸಿ, ಬೇಟೆಗಾರರಿಗೆ ಅಗ್ಗವಾಗಿ ಮಾರತೊಡಗಿದನು. ನಮ್ಮಲ್ಲಿ ಅಂಥವನಿಗೆ ಮೊದಲು ಸಿಗುತ್ತಿದ್ದುದು ಪೊಲೀಸ್ ಠಾಣೆಯ ದರ್ಶನ. 1946ರಲ್ಲಿ ಜಾನ್ ನೋಸ್ಲರ್ ಕೆನಡಾದ ಕಾಡಿನಲ್ಲಿ ಹಾರಿಸಿದ ಗುಂಡು ಮೂಸ್ ಎಂಬ ಬೃಹತ್ ಜಿಂಕೆಯ ಕೆಸರು ಮೆತ್ತಿದ ಚರ್ಮದ ಬಳಿಯೇ ಒಡೆದು, ಒಳಗೆ ಇಳಿಯದೆ ಹೋಯಿತು. ಮುಂಭಾಗ ಅರಳುವ, ಹಿಂಭಾಗ ಆಳಕ್ಕೆ ಇಳಿಯುವಂತೆ ನಡುಗೋಡೆಯಿಟ್ಟ ಗುಂಡನ್ನು ಅವನೇ ರೂಪಿಸಿ 1948ರಲ್ಲಿ ಕಂಪನಿ ತೆರೆದನು. ಗಾಯಗೊಂಡ ಪ್ರಾಣಿ ನರಳದೆ ಬೇಗ ಸಾಯಬೇಕೆಂಬುದು ಒಳ್ಳೆಯ ಬೇಟೆಗಾರರ ನಿಯಮ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಂದಿಗೆ ಶಿಕಾರಿಯ ಕಾಲವೇ ಮುಗಿಯಿತು. ಅದು ಆಗಲೇಬೇಕಾಗಿತ್ತು. ಕೊಡಗಿನ ವಿನಾಯಿತಿ ಮಾತ್ರ ಉಳಿದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಸೆಪ್ಟೆಂಬರಿನ ಕೈಲ್‌ಪೋಳ್ದ್ ಹಬ್ಬದಲ್ಲಿ ಕೋವಿಗಳನ್ನು ತೋಕ್‌ಪೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ಆ ಬಳಿಕ ಗುರಿಯಿಡುವುದು ತೆಂಗಿನಕಾಯಿಗೆ.