ನಲವತ್ತರಲ್ಲಿ ಒಂದು, ಮತ್ತೆ ಅಮ್ಮನ ಔಷಧಿ ಬಿಲ್ಲು

ಇವತ್ತಿನ ಎಪಿಸೋಡು ಒಂದು ವಾಯ್ಸ್ ನೋಟಿನಿಂದ ಹುಟ್ಟಿದ್ದು.

ನನ್ನ ಊರು ಪಾಣೆಮಂಗಳೂರು. ನೇತ್ರಾವತಿಯ ದಡ, ಬ್ರಿಟಿಷರ ಕಾಲದ ಹಳೆ ಸೇತುವೆ, ಹೈವೇ ಪಕ್ಕಕ್ಕೆ ಸರಿದ ಮೇಲೆ ಸ್ವಲ್ಪ ತಣ್ಣಗಾದ ಪೇಟೆ. ಬಿ.ಕಾಂ. ಓದುವಾಗ ಜೊತೆಗಿದ್ದ ಗೆಳೆಯನೊಬ್ಬ ಈಗ ಕೆಲವು ತಿಂಗಳ ಹಿಂದೆ ತಾನಾಗಿ ಯೋಚಿಸಿ ಇಸ್ಲಾಮಿಗೆ ಬಂದ. ಹೆಸರು ಬೇಡ. ಅವನ ವಾಯ್ಸ್ ನೋಟು ಹೀಗಿತ್ತು: "ಮಾರಾಯ, ಈ ಝಕಾತ್ ಅಂದ್ರೆ ಎಷ್ಟು ಕೊಡ್ಬೇಕು? ಹಿಂದಿನ ವರ್ಷಗಳದ್ದೂ ಬಾಕಿ ಉಂಟಾ? ಮತ್ತೆ, ನಾನು ಅಮ್ಮನಿಗೆ ತಿಂಗಳು ತಿಂಗಳು ಕಳಿಸ್ತೇನಲ್ಲ, ಅದು ಲೆಕ್ಕಕ್ಕೆ ಬರ್ತದಾ?"

ಕೊನೆಯ ಪ್ರಶ್ನೆ ಕೇಳುವಾಗ ಅವನ ದನಿ ಸಣ್ಣದಾಯಿತು. ಅಮ್ಮ ಮಾತು ಕಮ್ಮಿ ಮಾಡಿದ್ದಾರೆ, ಆದ್ರೆ ಸಕ್ಕರೆ ಕಾಯಿಲೆಯ ಔಷಧಿ ಖರ್ಚು ಇವನದ್ದೇ. ಮದ್ರಸದಲ್ಲಿ ಕಲಿತ ನನಗೆ ಉತ್ತರ ಗೊತ್ತಿರಬೇಕಿತ್ತು. ಅರ್ಧ ಮಾತ್ರ ಗೊತ್ತಿತ್ತು. ಹಾಗಾಗಿ ಕೂತು ಓದಿದೆ, ಉಸ್ತಾದರ ಹತ್ರ ಕೇಳಿದೆ.

ಶುರುವಿನಿಂದ ಬರೋಣ. ಮಕ್ಕಾದ ದಿನಗಳಲ್ಲಿ ಕೊಡುವುದು ಅಂದ್ರೆ ಮನಸ್ಸಿದ್ದಷ್ಟು ಕೊಡುವುದು. ಅನಾಥನಿಗೆ ಊಟ, ಗುಲಾಮನ ಬಿಡುಗಡೆ. ದರ ಇಲ್ಲ, ತಾರೀಕಿಲ್ಲ. ಮದೀನಾಕ್ಕೆ ಹೋದ ಮೇಲೆ, ಹಿಜರಿ 2ನೇ ವರ್ಷ, ಅಂದ್ರೆ ಸುಮಾರು ಕ್ರಿ.ಶ. 624ರಲ್ಲಿ ಝಕಾತ್ ಕಡ್ಡಾಯವಾಯಿತು ಅಂತ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ರಂಝಾನ್ ಉಪವಾಸ ಕಡ್ಡಾಯವಾದದ್ದೂ ಅದೇ ವರ್ಷ. ಮನಸ್ಸಿಗೆ ಬಿಟ್ಟ ದಾನ ಸದಕವಾಗಿ ಉಳಿಯಿತು. ಕಡ್ಡಾಯದ್ದಕ್ಕೆ ಲೆಕ್ಕ ಬಂತು: 20 ದೀನಾರ್ ಚಿನ್ನ ಅಥವಾ 200 ದಿರ್ಹಂ ಬೆಳ್ಳಿ ಒಂದು ಚಾಂದ್ರ ವರ್ಷ ಕೈಯಲ್ಲಿದ್ದರೆ ನಲವತ್ತರಲ್ಲಿ ಒಂದು ಪಾಲು. ನೂರಕ್ಕೆ ಎರಡೂವರೆ.

ಕಾಮರ್ಸ್ ಓದಿದವನಿಗೆ ಇದು ಬಹಳ ಪರಿಚಿತ. ನಿಸಾಬ್ ಅಂದ್ರೆ ವಿನಾಯಿತಿಯ ಮಿತಿ, ಹೌಲ್ ಅಂದ್ರೆ ಲೆಕ್ಕದ ವರ್ಷ. ಆದ್ರೆ ಒಂದು ವ್ಯತ್ಯಾಸ ಉಂಟು. ಇನ್‌ಕಮ್ ಟ್ಯಾಕ್ಸು ಬಂದ ಆದಾಯದ ಮೇಲೆ, ಝಕಾತ್ ಖರ್ಚಾಗದೆ ಉಳಿದದ್ದರ ಮೇಲೆ. ಸಂಬಳ ಎಷ್ಟೇ ಇರಲಿ, ವರ್ಷ ಪೂರ್ತಿ ನಿಸಾಬಿನಷ್ಟು ನಿಲ್ಲದಿದ್ದರೆ ಇಲ್ಲ.

ವಾಟ್ಸಾಪ್ ಫಾರ್ವರ್ಡುಗಳಲ್ಲಿ ಎರಡು ಅಂಕೆ ಓಡಾಡ್ತವೆ: 85 ಗ್ರಾಂ ಚಿನ್ನ, 595 ಗ್ರಾಂ ಬೆಳ್ಳಿ. ಆಗ ಒಂದು ದೀನಾರಿಗೆ ಹತ್ತು ದಿರ್ಹಂ ಅಂತ ಎಣಿಕೆ, ಎರಡೂ ಮಿತಿ ಸರಿಸುಮಾರು ಒಂದೇ ಬೆಲೆ. 1870ರ ದಶಕದಲ್ಲಿ ಜರ್ಮನಿಯಂಥ ದೇಶಗಳು ಬೆಳ್ಳಿ ಬಿಟ್ಟು ಚಿನ್ನದ ನಾಣ್ಯಕ್ಕೆ ಹೋದವು, ಬೆಳ್ಳಿ ಕುಸಿಯಿತು, ನಮ್ಮ ರೂಪಾಯಿಯೂ ಅದರ ಜೊತೆ ಇಳಿಯಿತು. ಇವತ್ತು ಚಿನ್ನದ ಮಿತಿ ಹಿಡಿದರೆ ಶ್ರೀಮಂತ ಮಾತ್ರ ಕೊಡಬೇಕು, ಬೆಳ್ಳಿಯದ್ದು ಹಿಡಿದರೆ ಸಣ್ಣ ಎಫ್.ಡಿ. ಇದ್ದವನೂ ಕೊಡಬೇಕು. ಬಡವನಿಗೆ ಅನುಕೂಲ ಅಂತ ಬೆಳ್ಳಿ ಹಿಡಿಯಲು ಹೇಳುವವರು ಬಹಳ. ನನಗೂ ಅದೇ ಸರಿ ಅನ್ನಿಸ್ತದೆ. ಆದ್ರೆ ನನಗೆ ಬೈಕ್ ಲೋನ್ ಇಲ್ಲ, ಅವನಿಗುಂಟು. ಸಾಲ ಕಳೆಯಬಹುದಾ? ಹನಫಿಗಳು ಕಳೀತಾರೆ. ಶಾಫಿಈಗಳ ಪ್ರಬಲ ಅಭಿಪ್ರಾಯದಲ್ಲಿ ಕಳೆಯುವ ಹಾಗಿಲ್ಲ. ಬೇಜಾರು, ಆದ್ರೆ ಹಾಗೆ ಉಂಟು.

ನಮ್ಮ ಕರಾವಳಿಯ ಬ್ಯಾರಿಗಳು ಹೆಚ್ಚಾಗಿ ಶಾಫಿಈಗಳು. ಇದು ಸಮುದ್ರದಿಂದ ಬಂದ ವಿಷಯ. ಯೆಮೆನ್ ಕಡೆಯ ವ್ಯಾಪಾರಿಗಳು ಬಂದ ದಾರಿ ಅದು. 1340ರ ದಶಕದಲ್ಲಿ ಇಬ್ನ್ ಬತೂತ ಮಂಗಳೂರಿಗೆ ಬಂದಾಗ ಪರ್ಷಿಯ, ಯೆಮೆನ್ ವ್ಯಾಪಾರಿಗಳು ಇಲ್ಲಿ ಇಳೀತಾರೆ, ಸುಮಾರು 4,000 ಮುಸ್ಲಿಮರಿದ್ದಾರೆ ಅಂತ ಬರೆದ. ಇಲ್ಲಿಂದ ದಕ್ಷಿಣಕ್ಕೆ ಹೀಲಿ, ಅಂದ್ರೆ ಈಗಿನ ಕಣ್ಣೂರು ಜಿಲ್ಲೆಯ ಏಳಿಮಲೆಯ ಹತ್ರ ಒಂದು ಮಸೀದಿ ನೋಡಿದ. ಕಡಲಿಗೆ ಹೋಗುವವರು ಹರಕೆ ಹೊತ್ತು ಕೊಟ್ಟ ಹಣದ ದೊಡ್ಡ ಖಜಾನೆ, ಅದರಿಂದ ವಿದ್ಯಾರ್ಥಿಗಳಿಗೆ ಭತ್ಯೆ, ಪ್ರಯಾಣಿಕರಿಗೂ ಬಡವರಿಗೂ ಅಡುಗೆಮನೆ. ಗಮನಿಸಿ, ಅದು ಝಕಾತ್ ಅಲ್ಲ, ಹರಕೆ, ಸ್ವಂತ ಇಷ್ಟದ ಕೊಡುಗೆ. ಮುಂದೆ 16ನೇ ಶತಮಾನದಲ್ಲಿ ಪೊನ್ನಾನಿಯ ಝೈನುದ್ದೀನ್ ಮಖ್ದೂಮ್ 'ಫತ್‌ಹುಲ್ ಮುಈನ್' ಬರೆದರು. ಈ ಕಡೆಯ ದರ್ಸುಗಳಲ್ಲಿ ಇವತ್ತಿಗೂ ಅದೇ ಪಾಠ.

ಆ ನಿಯಮಗಳನ್ನು ನಮ್ಮ ತಾಲೂಕಿನ ಮೇಲೆ ಇಟ್ಟು ನೋಡಿ, ಮಜಾ ಇರ್ತದೆ. ಮಳೆ ನೀರಲ್ಲಿ ಬೆಳೆದರೆ ಹತ್ತರಲ್ಲಿ ಒಂದು, ನೀರು ಹಾಯಿಸಿ ಬೆಳೆದರೆ ಇಪ್ಪತ್ತರಲ್ಲಿ ಒಂದು, ಯಾಕಂದ್ರೆ ಖರ್ಚು ಜಾಸ್ತಿ. ಭತ್ತಕ್ಕೆ ಇದು ಸರಿ. ಆದ್ರೆ ಬಂಟ್ವಾಳದ ದುಡ್ಡು ಇರುವುದು ಅಡಿಕೆಯಲ್ಲಿ! ಶಾಫಿಈ ಲೆಕ್ಕದಲ್ಲಿ ಧಾನ್ಯದಂಥ ಮುಖ್ಯ ಆಹಾರ, ಖರ್ಜೂರ, ಒಣದ್ರಾಕ್ಷಿಗೆ ಮಾತ್ರ ಬೆಳೆಯ ಝಕಾತ್. ಅಡಿಕೆ, ತೆಂಗಿಗೆ ಇಲ್ಲ. ಅಡಿಕೆ ಮಾರಿದ ದುಡ್ಡು ವರ್ಷ ನಿಂತರೆ ಆಗ ಬರ್ತದೆ, ಅಡಿಕೆ ವ್ಯಾಪಾರಿಯ ಸ್ಟಾಕಿಗೂ ಬರ್ತದೆ. ಹೆಂಗಸರು ಹಾಕಿಕೊಳ್ಳುವ ಚಿನ್ನಕ್ಕೂ ಶಾಫಿಈಗಳಲ್ಲಿ ಇಲ್ಲ, ಹನಫಿಗಳಲ್ಲಿ ಉಂಟು. ನನ್ನ ಉಮ್ಮನಿಗೆ ಇದನ್ನು ಹೇಳಿದಾಗ, "ಗೊತ್ತುಂಟು, ನೀನು ಈಗ ಕಲಿತದ್ದಾ?" ಅಂದ್ರು.

ಈಗ ಗೆಳೆಯನ ಪ್ರಶ್ನೆಗಳು. ಹಿಂದಿನ ವರ್ಷಗಳ ಬಾಕಿ ಇಲ್ಲ. ಇಸ್ಲಾಮಿಗೆ ಬಂದ ದಿನ ನಿಸಾಬಿನಷ್ಟು ಇದ್ದರೆ ಅಂದಿನಿಂದ ಹೌಲ್ ಶುರು. ಫಿತ್ರ್ ಝಕಾತ್ ಬೇರೆ. ಅದು ರಂಝಾನಿನ ಕೊನೆಯ ಸಂಜೆಗೆ ಸಂಬಂಧಪಟ್ಟದ್ದು, ನಿಸಾಬ್ ಬೇಡ, ತಲೆಗೆ ಒಂದು ಸಾಅ್, ಅಂದ್ರೆ ಎರಡೂವರೆಯಿಂದ ಮೂರು ಕಿಲೋ ಆ ಊರಿನ ಊಟದ ಧಾನ್ಯ. ಇಲ್ಲಿ ಅಕ್ಕಿ. ಪೆರ್ನಾಲಿನ ಹಿಂದಿನ ರಾತ್ರಿ ನಮ್ಮ ಮನೆ ಜಗಲಿಯಲ್ಲಿ ಕುಚ್ಚಲಕ್ಕಿ ಅಳೆದು ಕಟ್ಟುವುದು ನಾನು ಸಣ್ಣದರಿಂದ ನೋಡಿದ ಕೆಲಸ.

ಮತ್ತೊಂದು ಸಂಗತಿ ಅವನಿಗೇ ಗೊತ್ತಿರಲಿಲ್ಲ. ಅವನು ಪಡೆಯುವವರ ಪಟ್ಟಿಯಲ್ಲೂ ಇದ್ದಾನೆ. ಕುರ್‌ಆನಿನ ಅತ್ತೌಬಾ ಅಧ್ಯಾಯದ 60ನೇ ವಚನ ಎಂಟು ವರ್ಗ ಹೇಳ್ತದೆ. ಬಡವರು, ನಿರ್ಗತಿಕರು, ಸಾಲಗಾರರು, ದಾರಿಯಲ್ಲಿ ಸಿಕ್ಕಿಬಿದ್ದವರು ಇವರ ನಡುವೆ 'ಮನಸ್ಸು ಒಲಿಸಬೇಕಾದವರು' ಅಂತ ಒಂದು ವರ್ಗ. ಅಬೂಬಕರ್ ಖಲೀಫರಾಗಿದ್ದಾಗ ಇಬ್ಬರು ಬುಡಕಟ್ಟು ನಾಯಕರು ಈ ಹೆಸರಲ್ಲಿ ಭೂಮಿ ಕೇಳಿ ಪತ್ರ ಬರೆಸಿಕೊಂಡರು. ಉಮರ್ ಅದನ್ನು ಒಪ್ಪಲಿಲ್ಲ, ಇಸ್ಲಾಂ ಈಗ ಬಲವಾಗಿದೆ, ನಿಮ್ಮನ್ನು ಒಲಿಸುವ ಅಗತ್ಯ ಇಲ್ಲ ಅಂದರು ಅಂತ ವರದಿ. ಹನಫಿಗಳು ಆ ಪಾಲು ಮುಗಿಯಿತು ಅಂದರು. ಶಾಫಿಈಗಳು ಹೊಸಬರಿಗಾಗಿ ಉಳಿಸಿಕೊಂಡರು. ಹೊಸದಾಗಿ ಬಂದವನು ಮನೆ, ಕೆಲಸ, ನೆಂಟರು ಏನೆಲ್ಲ ಕಳ್ಕೊಳ್ಳಬಹುದು ಅಂತ ನೋಡಿದರೆ ನನಗೆ ಶಾಫಿಈಗಳದ್ದೇ ಹೆಚ್ಚು ಅರ್ಥ ಆಗ್ತದೆ. ಇವನಿಗೂ ಒಬ್ಬರು ಕವರ್ ಕೊಡಲು ಬಂದಿದ್ದರಂತೆ. ನಾಚಿಕೆಯಾಗಿ ವಾಪಸ್ ಮಾಡಿದ. "ಭಿಕ್ಷೆ ಅಂದ್ಕೊಂಡೆ" ಅಂದ. ಅದು ಭಿಕ್ಷೆ ಅಲ್ಲ ಮಾರಾಯ, ನಿನ್ನ ಹಕ್ಕು ಅಂದೆ. ಸುಮ್ಮನಾದ.

ಕೊನೆಗೆ ಅಮ್ಮ. ತಂದೆತಾಯಿಗೆ ಖರ್ಚಿಗೆ ಕೊಡುವುದು ಮಗನ ಹೊಣೆ, ಅದನ್ನು ಝಕಾತಿನಲ್ಲಿ ತೋರಿಸುವ ಹಾಗಿಲ್ಲ. ಮುಸ್ಲಿಮರಲ್ಲದವರಿಗೆ ಝಕಾತ್ ಹೋಗುವುದಿಲ್ಲ ಅಂತಲೂ ಬಹುಮತ. ಇಷ್ಟು ಹೇಳಿದಾಗ ಅವನ ಮುಖ ನೋಡಬೇಕಿತ್ತು. ಆದ್ರೆ ಸದಕಕ್ಕೆ ಆ ಬೇಲಿ ಇಲ್ಲ. ಮದೀನಾದ ಕೆಲವರು ಇಸ್ಲಾಮಿಗೆ ಬಾರದ ತಮ್ಮ ನೆಂಟರಿಗೆ ಕೊಡಲು ಹಿಂಜರಿದಾಗಲೇ ಅಲ್‌ಬಕರ ಅಧ್ಯಾಯದ 272ನೇ ವಚನ ಬಂತು ಅಂತ ಇಬ್ನ್ ಅಬ್ಬಾಸರ ವರದಿ ಉಂಟು: ಅವರನ್ನು ದಾರಿಗೆ ತರುವುದು ನಿಮ್ಮ ಹೊಣೆ ಅಲ್ಲ ಅನ್ನುವ ಅರ್ಥದ್ದು. ಅಬೂಬಕರರ ಮಗಳು ಅಸ್ಮಾ ಅವರ ಅಮ್ಮ ಹಳೆ ನಂಬಿಕೆಯಲ್ಲೇ ಇದ್ದರು, ಮಗಳನ್ನು ನೋಡಲು ಮದೀನಾಕ್ಕೆ ಬಂದರು. ನಾನು ಸಂಬಂಧ ಇಟ್ಟುಕೊಳ್ಳಬಹುದಾ ಅಂತ ಅಸ್ಮಾ ಪ್ರವಾದಿಯವರನ್ನು ಕೇಳಿದರು. ಹೌದು, ಅಮ್ಮನ ಜೊತೆ ಸಂಬಂಧ ಉಳಿಸಿಕೋ ಅಂತ ಉತ್ತರ.

ಈ ಕಥೆ ಹೇಳಿ ಮುಗಿಸಿದ ಮೇಲೆ ಅವನು ಲ್ಯಾಪ್‌ಟಾಪ್ ತೆಗೆದು ಎಕ್ಸೆಲ್ ಶೀಟ್ ಮಾಡಿದ. ಹೌಲಿನ ತಾರೀಕು ಹಿಜರಿಯಲ್ಲಿ ಹಾಕಿದ, ಇಂಗ್ಲಿಷ್ ಕ್ಯಾಲೆಂಡರಿಗಿಂತ ಸುಮಾರು 11 ದಿನ ಮೊದಲೇ ಬರ್ತದೆ ಅಂತ ಕೆಂಪು ಬಣ್ಣ ಕೊಟ್ಟ. ಝಕಾತಿಗೆ ಒಂದು ಕಾಲಮ್, ಫಿತ್ರ್ ಅಕ್ಕಿಗೆ ಒಂದು. ಅಮ್ಮನ ಔಷಧಿ ಬಿಲ್ಲಿಗೆ ಬೇರೆಯೇ ಒಂದು ಶೀಟು, ಅದಕ್ಕೆ ಮಿತಿಯೂ ಇಲ್ಲ, ಶೇಕಡಾವೂ ಇಲ್ಲ.