ಮದ್ಯಮುಕ್ತಿ ಸಭೆ

ಕುಡಿತ ಬಿಟ್ಟವರೂ ಬಿಡಬೇಕೆಂದಿರುವವರೂ ಗೊತ್ತಾದ ದಿನ, ಗೊತ್ತಾದ ಜಾಗದಲ್ಲಿ ಸೇರಿ, ತಮ್ಮ ಕುಡಿತದ ಬಗ್ಗೆ ತಾವೇ ಮಾತಾಡಿ ಒಬ್ಬರಿಗೊಬ್ಬರು ಆಸರೆಯಾಗುವ ಕೂಟ. ಇವುಗಳಲ್ಲಿ ಅತಿ ಹೆಚ್ಚು ಹರಡಿರುವುದು ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಅದು ಹುಟ್ಟಿದ್ದು 1935ರಲ್ಲಿ, ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ನಗರದಲ್ಲಿ. ವ್ಯವಹಾರಕ್ಕೆಂದು ಅಲ್ಲಿಗೆ ಹೋಗಿದ್ದ ಬಿಲ್ ವಿಲ್ಸನ್ ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಹೋದ ಕೆಲಸ ಕೈಗೂಡದೆ ಮನಸ್ಸು ಮತ್ತೆ ಬಾರಿನತ್ತ ಎಳೆದಾಗ ಅವರು ಹುಡುಕಿದ್ದು ವೈದ್ಯರನ್ನಲ್ಲ, ತಮ್ಮಂಥ ಇನ್ನೊಬ್ಬ ಕುಡುಕನನ್ನು. ಹಾಗೆ ಸಿಕ್ಕವರು ಶಸ್ತ್ರವೈದ್ಯ ಬಾಬ್ ಸ್ಮಿತ್. ಇನ್ನೊಬ್ಬನಿಗೆ ನೆರವಾಗಲು ಕುಳಿತವನು ಆ ಹೊತ್ತಿಗೆ ತಾನೂ ಕುಡಿಯದೆ ಉಳಿಯುತ್ತಾನೆ ಎಂಬುದು ಅಂದು ಕಂಡ ಸತ್ಯ. ಈ ಸಭೆಗಳ ಬಗ್ಗೆ ಮುಂದೆ ಎದ್ದ ಪ್ರಶ್ನೆಗಳಿಗೆಲ್ಲ ಉತ್ತರವನ್ನು ಅಲ್ಲಿಂದಲೇ ಹುಡುಕಬೇಕು. ಗುಣಪಡಿಸುವುದು ಉಪದೇಶವಲ್ಲ, ಮತ್ತೆ ಮತ್ತೆ ಸಿಗುವ ಜೊತೆ. ಹಾಗಾಗಿ ಸಭೆ ಮನೆಗೆ ಹತ್ತಿರವಿರುವುದು ಬರೀ ಅನುಕೂಲದ ಮಾತಲ್ಲ, ಚಿಕಿತ್ಸೆಯದೇ ಒಂದು ಭಾಗ.

ಇದಕ್ಕೆ ಪುರಾವೆ ಏನು ಎಂದು ಕೇಳುವುದು ನ್ಯಾಯವೇ. ಬಿಡುವ ಮನಸ್ಸಿದ್ದವರೇ ಸಭೆಗೆ ಬರುತ್ತಾರೆ, ಬಂದವರು ಹೇಗಿದ್ದರೂ ಬಿಡುತ್ತಿದ್ದರು, ಯಶಸ್ಸಿನ ಹೆಸರು ಮಾತ್ರ ಸಭೆಗೆ ಹೋಗುತ್ತದೆ ಎಂಬ ಆಕ್ಷೇಪ ಬಹುಕಾಲ ಬಲವಾಗಿತ್ತು. ವೈದ್ಯಕೀಯ ಪುರಾವೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆ ಅದನ್ನು ಬಹುಮಟ್ಟಿಗೆ ಸಡಿಲಿಸಿತು. ಅದು ಒಟ್ಟು 10,565 ಮಂದಿಯನ್ನು ಒಳಗೊಂಡ 27 ಅಧ್ಯಯನಗಳನ್ನು ತೂಗಿ ನೋಡಿತು. ಅವುಗಳಲ್ಲಿ ಹೆಚ್ಚಿನವು ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ವ್ಯಕ್ತಿಯ ಇಚ್ಛೆಗೆ ಬಿಡದೆ ಹಂಚಿದ್ದ ಪ್ರಯೋಗಗಳು. ಎ.ಎ. ಕಡೆಗೆ ಕ್ರಮವಾಗಿ ಕೈಹಿಡಿದು ನಡೆಸಿದವರಲ್ಲಿ ಸುಮಾರು 42%, ಮನೋವರ್ತನ ಚಿಕಿತ್ಸೆಯಂಥ ಬೇರೆ ಆರೈಕೆ ಪಡೆದವರಲ್ಲಿ 35% ಮಂದಿ ವರ್ಷದ ಕೊನೆಗೆ ಪೂರ್ತಿ ಕುಡಿತ ಬಿಟ್ಟಿದ್ದರು. ಅಂತರ ದೊಡ್ಡದಲ್ಲ. ಪ್ರಯೋಗಗಳೂ ಹೆಚ್ಚಾಗಿ ಅಮೆರಿಕದವು. ಆದರೆ ಶುಲ್ಕವೇ ಇಲ್ಲದ ಕೂಟವೊಂದು ತರಬೇತಾದ ತಜ್ಞರ ಚಿಕಿತ್ಸೆಗೆ ಸರಿಸಾಟಿಯಾಗಿ ನಿಲ್ಲುವುದು, ಕೆಲವೆಡೆ ಮೀರಿಸುವುದು ಸಣ್ಣ ಮಾತಲ್ಲ. ಕಾರಣ ಹುಡುಕಿದ ಸಂಶೋಧಕರಿಗೆ ಮುಖ್ಯವಾಗಿ ಕಂಡದ್ದು ಒಡನಾಟದ ಬದಲಾವಣೆ: ಕುಡಿಯುವ ಗೆಳೆಯರು ಕಡಿಮೆಯಾಗಿ ಕುಡಿಯದ ಗೆಳೆಯರು ಹೆಚ್ಚಾಗುವುದು.

ಭಾರತದಲ್ಲಿ ಇದರ ಅಗತ್ಯ ಎಷ್ಟೆಂಬುದು 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಿಂದ ತಿಳಿಯುತ್ತದೆ. ಕುಡಿತದ ತೊಂದರೆಗೆ ನೆರವು ಬೇಕಾದವರು 5.7 ಕೋಟಿ. ಮದ್ಯಕ್ಕೆ ದಾಸರಾದವರಲ್ಲಿ ಯಾವುದಾದರೂ ಚಿಕಿತ್ಸೆ ಪಡೆದವರು 38ರಲ್ಲಿ ಒಬ್ಬರು, ಆಸ್ಪತ್ರೆಯಲ್ಲಿ ಉಳಿದು ಪಡೆದವರು 180ರಲ್ಲಿ ಒಬ್ಬರು. ಈ ಕಂದಕವನ್ನು ಆಸ್ಪತ್ರೆಗಳಷ್ಟೇ ತುಂಬಲಾರವು. ಎ.ಎ. 1957ರಲ್ಲಿ ದೆಹಲಿಗೆ ಬಂತು, ಮುಂದೆ ಕರ್ನಾಟಕದಲ್ಲೂ ನೆಲೆಯೂರಿತು. ನಮ್ಮ ಹಳ್ಳಿಗಳಲ್ಲಿ ಇದೇ ಕೆಲಸ ಬೇರೆ ರೂಪದಲ್ಲಿ ನಡೆದಿದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಸುಮಾರು ಒಂದು ವಾರದಲ್ಲಿ ಮುಗಿಯುತ್ತವೆ. ಅಲ್ಲಿಂದ ಹೊರಬಂದವರನ್ನು ನವಜೀವನ ಸಮಿತಿಗಳು ಊರಲ್ಲೇ ಸೇರಿಸುತ್ತವೆ. ಶಿಬಿರದ ಸಮಾರೋಪಕ್ಕೆ ಸಿಗುವ ಗಮನ ಈ ಸಮಿತಿಗಳಿಗೆ ಸಿಗುವುದಿಲ್ಲ. ನಿಜವಾದ ಪರೀಕ್ಷೆ ಶುರುವಾಗುವುದು ಮಾತ್ರ ಶಿಬಿರದ ಪೆಂಡಾಲು ಕಳಚಿದ ಮೇಲೆಯೇ.

ಸಭೆ ಹುಡುಕಲು ಹತ್ತಿರದ ವ್ಯಸನಮುಕ್ತಿ ಕೇಂದ್ರವನ್ನೋ ಆಸ್ಪತ್ರೆಯ ಮನೋವೈದ್ಯ ವಿಭಾಗವನ್ನೋ ಕೇಳಬಹುದು. ಸರ್ಕಾರದ ಉಚಿತ ಸಹಾಯವಾಣಿ 14446 ಇದೆ. ಎ.ಎ.ಯಲ್ಲಿ ಮುಕ್ತ ಸಭೆಗೆ ಮನೆಯವರು, ವಿದ್ಯಾರ್ಥಿಗಳು ಯಾರು ಬೇಕಾದರೂ ಬರಬಹುದು. ಮುಚ್ಚಿದ ಸಭೆ ಕುಡಿತದ ತೊಂದರೆ ಇರುವವರಿಗೆ ಮಾತ್ರ. ಸೇರಲು ಬೇಕಾದ ಅರ್ಹತೆ ಒಂದೇ, ಬಿಡಬೇಕೆಂಬ ಆಸೆ. ಪೂರ್ತಿ ಹೆಸರು ಹೇಳಬೇಕಿಲ್ಲ, ಬಾಯಿ ತೆರೆಯದೆ ಕೇಳಿಸಿಕೊಂಡು ಎದ್ದು ಬಂದರೂ ಸರಿ. ಬಾಡಿಗೆ, ಚಹಾದ ಖರ್ಚು ಸದಸ್ಯರೇ ಕೊಟ್ಟಷ್ಟರಲ್ಲಿ ನಡೆಯುತ್ತದೆ. ಒಂದೇ ಸಭೆ ನೋಡಿ ತೀರ್ಮಾನಿಸುವುದು ತಪ್ಪು, ಏಕೆಂದರೆ ಒಂದು ಗುಂಪಿನ ಭಾಷೆ, ವಯಸ್ಸು, ಮನೋಭಾವ ಇನ್ನೊಂದರಲ್ಲಿ ಇರುವುದಿಲ್ಲ. ಆದರೆ ಒಂದು ಎಚ್ಚರ ಎಲ್ಲಕ್ಕಿಂತ ಮೊದಲು: ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವರು ಥಟ್ಟನೆ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಫಿಟ್ಸ್, ಸನ್ನಿ ಕಾಣಿಸಿಕೊಂಡು ಪ್ರಾಣಕ್ಕೇ ಕುತ್ತಾಗಬಹುದು. ಅಂಥವರು ಮೊದಲು ಕಾಣಬೇಕಾದುದು ವೈದ್ಯರನ್ನು.

ಹತ್ತಿರದ ಸಭೆಯಲ್ಲಿ ಪರಿಚಯದವರು ಕಂಡರೆ ಮಾನ ಹೋಗುತ್ತದೆ ಎಂಬ ಅಂಜಿಕೆ ಸಣ್ಣ ಊರುಗಳಲ್ಲಿ ಸಹಜ. ಗಂಡಸರ ಮಟ್ಟಿಗೆ ಇದಕ್ಕೆ ಉತ್ತರ ಸುಲಭ: ಅವರ ಕುಡಿತ ಬೀದಿಗೆಲ್ಲ ಈಗಾಗಲೇ ಗೊತ್ತಿರುತ್ತದೆ, ಒಳಗೆ ಕಂಡವನೂ ಅದೇ ಕಾರಣಕ್ಕೆ ಬಂದಿರುತ್ತಾನೆ. ಹೆಂಗಸರ ವಿಷಯದಲ್ಲಿ ಈ ಉತ್ತರ ಸಾಲದು. ಅವರ ಕುಡಿತ ಮುಚ್ಚಿಟ್ಟ ಗುಟ್ಟು, ಬಯಲಾದರೆ ಬೀಳುವ ಪೆಟ್ಟೂ ಹೆಚ್ಚು. ಅವರಿಗೆ ಹೆಂಗಸರಷ್ಟೇ ಇರುವ ಸಭೆ, ದೂರದ ಸಭೆ ಅಥವಾ ಆನ್‌ಲೈನ್ ಸಭೆ ಮೊದಲ ಬಾಗಿಲಾದರೆ ತಪ್ಪಿಲ್ಲ. ಚೇತರಿಕೆಗೆಂದು ಎ.ಎ. ಹಾಕಿಕೊಟ್ಟ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಬರುವುದು ಇನ್ನೊಂದು ತೊಡಕು. ಆ ದೇವರು ಯಾರೆಂಬುದನ್ನು ಸದಸ್ಯರ ತಿಳಿವಳಿಕೆಗೇ ಬಿಟ್ಟಿದ್ದರೂ ನಾಸ್ತಿಕರಿಗೆ ಕಸಿವಿಸಿ ತಪ್ಪದು. 1994ರಲ್ಲಿ ಅಮೆರಿಕದಲ್ಲಿ ಆರಂಭವಾದ ಸ್ಮಾರ್ಟ್ ರಿಕವರಿಯಂಥ ಕೂಟಗಳು ದೇವರ ಪ್ರಸ್ತಾಪವಿಲ್ಲದೆ ನಡೆಯುತ್ತವೆ. ಜೊತೆಯೇ ಮುಖ್ಯವಾದರೆ ನಂಬಿಕೆ ಬೇರೆಯಾದ ಮಾತ್ರಕ್ಕೆ ಬಾಗಿಲು ಮುಚ್ಚಬೇಕಿಲ್ಲ.

ಕುಡಿಯುವವನು ಸಭೆಗೆ ಬರಲೊಪ್ಪದಿದ್ದರೂ ಮನೆಯವರು ಕಾಯಬೇಕಾಗಿಲ್ಲ. ಬಿಲ್ ವಿಲ್ಸನ್ ಅವರ ಪತ್ನಿ ಲೋಯಿಸ್ 1951ರಲ್ಲಿ ಕಟ್ಟಿದ ಅಲ್-ಅನಾನ್ ಗುಂಪುಗಳು ಹೆಂಡತಿ, ಗಂಡ, ತಂದೆತಾಯಿ, ಬಂಧುಮಿತ್ರರಿಗಾಗಿಯೇ ಇರುವಂಥವು. ಅಲ್ಲಿಗೆ ಹೋಗಲು ಅವನ ಒಪ್ಪಿಗೆ ಬೇಕಿಲ್ಲ.